ಬೆಲ್ಲದ ವಿಳಾಸಕ್ಕೆ ತಾಲ್ಲೂಕು ಬದಲಾದಾಗ

ನಾನು ಬರೆದ ಬೋರ್ಡು ಓದದೆ ಗೋಕಾಕದಿಂದ ಹುಕ್ಕೇರಿಯವರೆಗೆ ಒಬ್ಬ ಮನುಷ್ಯನೂ ಚಹಾ ಕುಡಿದಿಲ್ಲ, ಪಂಪ್‌ಸೆಟ್ ರಿಪೇರಿ ಮಾಡಿಸಿಲ್ಲ, ಹಲ್ಲು ಕೀಳಿಸಿಕೊಂಡಿಲ್ಲ. ಜಂಬ ಅಂತೀರಾ? ಜಂಬ ಕೊಚ್ಚುವುದು ಇನ್ನೂ ಶುರುವೇ ಆಗಿಲ್ಲ. ನಾನು ಕುಂಚ ಹಿಡಿದು ಏಣಿ ಹತ್ತಿದರೆ ಕೆಳಗೆ ನಿಂತವರು ತಮ್ಮ ಬಸ್ಸು ಬಿಟ್ಟುಕೊಂಡು ನೋಡುತ್ತಿದ್ದರು. ಮೂಡಲಗಿಯ ಒಬ್ಬ ಕ್ಷೌರದಂಗಡಿಯವನ ಬೋರ್ಡಿನ ಮೂಲೆಯಲ್ಲಿ ಸಣ್ಣಗೆ ‘ತಲೆ ಇದ್ದವರಿಗೆ ಮಾತ್ರ’ ಎಂದು ಬರೆದುಬಿಟ್ಟಿದ್ದೆ. ಪಾಪ, ಅವನಿಗೆ ಬಹಳ ದಿನ ಗೊತ್ತೇ ಆಗಲಿಲ್ಲ. ಗೊತ್ತಾದ ದಿನ ಕತ್ತರಿ ಹಿಡಿದು ಸಂತೆಯ ತುಂಬ ನನ್ನ ಬೆನ್ನು ಹತ್ತಿದ. ಮರುದಿನ ಅವನೇ ಮನೆಗೆ ಬಂದು, “ಅಳಸಬ್ಯಾಡ್ರಿ ಮಾರಾಯ್ರ, ಅದನ್ನ ಓದಿ ನಗಾಕಂತನ ಮಂದಿ ಬರಾಕತ್ತಾರ” ಎಂದ.

ಈಗ ಫ್ಲೆಕ್ಸ್ ಬಂದಿದೆ. ಯಂತ್ರ ಬೋರ್ಡು ಉಗುಳುತ್ತದೆ, ನನ್ನ ಏಣಿ ಕೋಳಿಗಳಿಗೆ ಮಲಗುವ ಕಟ್ಟೆಯಾಗಿದೆ. ನನ್ನ ಹೆಂಡತಿ ದಿನಕ್ಕೊಮ್ಮೆ ಹೇಳುತ್ತಾಳೆ: “ನಿಮ್ಮ ಕೈಯಾಗ ಕುಂಚ ಇರೂಮಟ ಊರ ಸುಖದಾಗಿತ್ತು. ಕೈ ಖಾಲಿ ಆತು, ಮಂದಿ ಗತಿ ಕೆಟ್ಟಿತು.”

ಹೀಗೆ ಕೈ ಖಾಲಿಯಿದ್ದ ಕಾಲದಲ್ಲೇ ನಮ್ಮ ಬೀಗರ ಮನೆಯಲ್ಲಿ ಒಂದು ಯುದ್ಧ ಎದ್ದಿತು. ಅದೂ ಒಂದು ವಿಳಾಸಕ್ಕಾಗಿ. ಗೋಡೆಯಿಲ್ಲದ, ತಗಡಿಲ್ಲದ, ಮೊಬೈಲಿನ ಗಾಜಿನೊಳಗೆ ಮಾತ್ರ ಇರುವ ವಿಳಾಸ.

ನನ್ನ ಹೆಂಡತಿಯ ತಮ್ಮ ಮೂಡಲಗಿ ಕಡೆಯ ಹಳ್ಳಿಯವನು. ಕಬ್ಬು ಇದೆ, ಸ್ವಂತ ಆಲೆಮನೆ ಇದೆ, ಎರಡಕ್ಕಿಂತ ದೊಡ್ಡ ಮೀಸೆ ಇದೆ. ಅಕ್ಕನ ಗಂಡನಾದ ನನ್ನನ್ನು ನಮ್ಮ ಕಡೆಯ ರೂಢಿಯಂತೆ ದಾಜಿ ಎನ್ನುತ್ತಾನೆ. ಆ ಹಳ್ಳಿ ಹಿಂದೆ ನಮ್ಮ ಗೋಕಾಕ ತಾಲ್ಲೂಕಿನಲ್ಲೇ ಇತ್ತು. ಮೂಡಲಗಿ ಬೇರೆ ತಾಲ್ಲೂಕಾಗಬೇಕೆಂದು ಮಂದಿ ಚಪ್ಪರ ಹಾಕಿ ಧರಣಿ ಕುಳಿತಾಗ ಈ ಮೈದುನ ಮೊದಲ ಸಾಲಿನಲ್ಲಿದ್ದ. ತಾಲ್ಲೂಕು ಆಯಿತು. ಆದ ದಿನ ಗುಲಾಲು ಹಾರಿಸಿ, ಮೀಸೆಯೆಲ್ಲ ಗುಲಾಬಿ ಬಣ್ಣ ಮಾಡಿಕೊಂಡು ನನ್ನ ಮನೆಗೆ ಬಂದು ಪೇಡೆ ಕೊಟ್ಟ.

“ಇನ್ನ ಮುಂದ ನಾವು ನಿಮ್ಮ ಕೈಯಾಗಿಲ್ಲ ದಾಜಿ!”

“ಹೌದೇಳ್ರಿ ತಾಲೂಕಾ ಧಣಿ,” ಎಂದೆ ನಾನು. “ನಿಮ್ಮ ಅಕ್ಕನ್ನ ಮಾತ್ರ ನಮ್ಮ ತಾಲೂಕಿನ್ಯಾಗ ಇಟ್ಟೀರಿ. ಆಕಿನ್ನೂ ಬಿಡಿಸಿಕೊಂಡ ಹೋಗ್ರಿ, ಪುಣ್ಯಾ ಬರತೈತಿ.”

ಒಳಗಿನಿಂದ ಲಟ್ಟಣಿಗೆ ಹಾರಿಬಂತು. ಅದು ಬೇರೆ ಕತೆ.

ಈ ಮೈದುನನಿಗೆ ಒಬ್ಬ ಮಗಳು. ಗೋಕಾಕದ ಕಾಲೇಜಿಗೆ ನಮ್ಮ ಮನೆಯಿಂದಲೇ ಹೋಗಿ ಓದಿದವಳು, ನನ್ನನ್ನು ಮಾಮಾ ಎಂದು ಕರೆದು ನನ್ನ ಎಲ್ಲ ತುಂಟತನವನ್ನೂ ಒಂದು ಹುಬ್ಬಿನಲ್ಲಿ ಅಳೆಯುವವಳು. ಓದು ಮುಗಿಸಿ ಊರಿಗೆ ಹೋದವಳೇ ಅಪ್ಪನ ಆಲೆಮನೆಯಲ್ಲಿ ಒಂದು ಸಣ್ಣ ಕಡಾಯಿ ತನಗೆ ಬೇಕೆಂದಳು. ಬೆಲ್ಲ ಹಳದಿಯಾಗಲೆಂದು ಎಲ್ಲರೂ ಪಾಕಕ್ಕೆ ಬಿಳಿ ಪುಡಿ ಸುರಿಯುತ್ತಾರಲ್ಲ, ಅದು ಬೇಡ, ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆದರೆ ಸಾಕು ಎಂದಳು. ಹಾಗೆ ಮಾಡಿದ ಬೆಲ್ಲ ಕಪ್ಪಗಾಗುತ್ತದೆ. ರುಚಿ ಮಾತ್ರ, ಏನು ಹೇಳಲಿ, ನಾಲಿಗೆ ಎದ್ದು ನಿಂತು ನಮಸ್ಕಾರ ಮಾಡುತ್ತದೆ. ಆದರೆ ಪೇಟೆಯ ದಲಾಲಿಗೆ ನಾಲಿಗೆ ಇಲ್ಲ, ಕಣ್ಣಷ್ಟೇ ಇರುವುದು. ಅವನು ಕಪ್ಪು ಬೆಲ್ಲ ನೋಡಿ, “ಇದೇನ್ರಿ, ಎಮ್ಮಿಗೆ ಹಾಕೂದೇನು?” ಅಂದ.

ಆಗ ಹುಡುಗಿ ಮೊಬೈಲಿನಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ತನ್ನದೊಂದು ಪುಟ ಮಾಡಿದಳು. ಬೆಲ್ಲದ ಫೋಟೋ, ಬೆಂಡೆಗಿಡದ ಫೋಟೋ, ಕಬ್ಬಿನ ಗದ್ದೆಯಲ್ಲಿ ಮೀಸೆ ತಿರುವುತ್ತ ನಿಂತ ಅಪ್ಪನ ಫೋಟೋ. ಪುಟದ ವಿಳಾಸ ಚಿಕ್ಕದು: ಮೊದಲು ಅವಳ ಬೆಲ್ಲದಂಗಡಿಯ ಹೆಸರು, ಆಮೇಲೆ ಗೋಕಾಕ, ಆಮೇಲೆ ಬೆಲ್ಲ. ಮುಗಿಯಿತು. ಪುಣೆ, ಧಾರವಾಡ, ಮೈಸೂರು ಎಲ್ಲಿಯೋ ಕೂತವರು ‘ಗೋಕಾಕ ಬೆಲ್ಲ’ ಎಂದು ಸರ್ಚ್ ಮಾಡಿದರೆ ಇವಳ ಪುಟ ಮೇಲೆಯೇ ಬರುತ್ತಿತ್ತು. ಮೊದಲ ಹಂಗಾಮಿನಲ್ಲಿ ಅವಳ ಕಡಾಯಿಯ ಬೆಲ್ಲ ಆರುವ ಮೊದಲೇ ಖಾಲಿ. ನಾನೇ ಗೋಕಾಕದ ಕೊರಿಯರ್ ಅಂಗಡಿಗೆ ಪೆಟ್ಟಿಗೆ ಹೊತ್ತು ಒಯ್ದಿದ್ದೇನೆ, ದಾರಿಯಲ್ಲಿ ಒಂದೊಂದು ಅಚ್ಚು ತಿಂದೂ ಇದ್ದೇನೆ.

ಎರಡನೆಯ ವರ್ಷ ದಸರೆಯ ಮುಂದೆ ಮೈದುನನಿಗೆ ಚಪಲ ಹತ್ತಿತು: ವಿಜಿಟಿಂಗ್ ಕಾರ್ಡ್ ಮಾಡಿಸಬೇಕು! ದಸರೆಗೆ ಅಂಗಡಿ, ಗಿರಣಿ, ಟ್ರ್ಯಾಕ್ಟರು ಎಲ್ಲಕ್ಕೂ ಹೊಸ ಬಣ್ಣ ಬಳಿಯುವ ಪದ್ಧತಿ ನಮ್ಮಲ್ಲಿ. ಆ ಬಣ್ಣದಲ್ಲಿ ತಾಲ್ಲೂಕಿನ ಹೆಸರೂ ಬದಲಾಗುವ ಗಾಳಿ ಬೀಸಿತ್ತು, ಎಲ್ಲರೂ ಗೋಕಾಕ ಒರೆಸಿ ಮೂಡಲಗಿ ಬರೆಯುತ್ತಿದ್ದರು. ಮೂಡಲಗಿಯ ಪ್ರಿಂಟಿಂಗ್ ಪ್ರೆಸ್ಸಿನಿಂದ ಕಾರ್ಡು ಬಂತು. ನಾನೂ ಆ ದಿನ ಅಲ್ಲೇ ಇದ್ದೆ, ಅಂಥ ಹಬ್ಬ ನಾನು ತಪ್ಪಿಸಿಕೊಳ್ಳುವವನಲ್ಲ. ಮೈದುನ ಕನ್ನಡಕ ಏರಿಸಿ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದ. ಜಿ ಬಂತು, ಓ ಬಂತು, ಕೆ ಬಂತು. ಮೀಸೆ ನಡುಗತೊಡಗಿತು.

“ಇದೇನವ್ವಾ ಇದು? ತಾಲೂಕಾ ಬೇಕಂತ ಕುಂತ ಕುಂತ ನನ್ನ ಧೋತರ ಸವದೈತಿ. ನನ್ನ ಮಗಳ ಬೆಲ್ಲದ ಮ್ಯಾಲ ಇನ್ನೂ ಗೋಕಾಕ?”

“ಅಪ್ಪಾ, ಅದು ಪೋಸ್ಟಿನ ವಿಳಾಸ ಅಲ್ಲ. ಮಂದಿ ಹುಡಕೂದು ಗೋಕಾಕ ಅಂತ.”

“ಹುಡಕಲಿ. ಸಿಗಲಾರದ ಇರಲಿ. ಮೂಡಲಗಿ ಅಂತ ಹುಡಕೂದು ಕಲೀಲಿ!”

ಅಷ್ಟಕ್ಕೇ ಬಿಟ್ಟಿದ್ದರೆ ಅವನು ನನ್ನ ಮೈದುನ ಹೇಗಾದಾನು? ನಮ್ಮಲ್ಲಿ ಲಗ್ನಪತ್ರಿಕೆಯಿರಲಿ, ಬೋರವೆಲ್ ಪೂಜೆಯ ಕಾರ್ಡಿರಲಿ, ದೇವರ ಹೆಸರಿಲ್ಲದೆ ಶುರುವಾಗುವುದಿಲ್ಲ, ಊರು ತಾಲ್ಲೂಕು ಜಿಲ್ಲೆ ಹೇಳದೆ ಮುಗಿಯುವುದಿಲ್ಲ. ಮಗಳ ಪುಟದ ವಿಳಾಸವೂ ಹಾಗೇ ಆಗಬೇಕೆಂದು ಹಟ ಹಿಡಿದ. ಮೊದಲು ಶ್ರೀ, ಆಮೇಲೆ ಕುಲದೇವರು, ಅದರ ಹಿಂದೆ ಪ್ರಸನ್ನ, ಆಮೇಲೆ ಮನೆತನ, ಮುಕ್ಕಾಂ, ಪೋಸ್ಟು, ತಾಲ್ಲೂಕು ಮೂಡಲಗಿ, ಜಿಲ್ಲೆ ಬೆಳಗಾವಿ, ಕಟ್ಟಕಡೆಗೆ ಬೆಲ್ಲ.

“ಬೆಲ್ಲ ಬರೂದರಾಗ ಓದಾವಗ ಸಕ್ರಿ ಬ್ಯಾನಿ ಬಂದಿರತೈತಿ,” ಎಂದೆ ನಾನು.

“ನೀವು ಸುಮ್ಮಕುಂಡ್ರಿ ದಾಜಿ. ಗೋಕಾಕದವರಿಗೆ ಹೊಟ್ಟೆಕಿಚ್ಚು.”

ಇನ್ನೂ ಇತ್ತು. ದೇವರ ಹೆಸರನ್ನು ಸಣ್ಣ ಅಕ್ಷರದಲ್ಲಿ ಬರೆಯಬಾರದಂತೆ, ದೊಡ್ಡಕ್ಷರವೇ ಆಗಬೇಕಂತೆ. ಪದಗಳ ನಡುವೆ ಗೀಟು ಹಾಕಿದರೆ ದೇವರನ್ನು ಗೀಚಿದಂತಾಗುತ್ತದಂತೆ, ಅದಕ್ಕೆ ಗೀಟು ಕೆಳಗೆ ಬರಬೇಕಂತೆ, ಪಾದದ ಹತ್ತಿರ. ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪನ ಮುಖದಲ್ಲಿ ಚಪ್ಪರದ ಬಿಸಿಲು, ಗುಲಾಲು, ಘೋಷಣೆ ಎಲ್ಲ ಕಾಣಿಸಿರಬೇಕು. “ಆತೇಳಪಾ” ಎಂದವಳೇ ಅದೇ ಸಂಜೆ ಹಳೆಯ ಪುಟ ತೆಗೆದು, ಅದೇ ಬೆಲ್ಲವನ್ನು ಹೊಸ ವಿಳಾಸದಲ್ಲಿ ಕೂರಿಸಿದಳು. ಹೊಸ ಕಾರ್ಡಿನಲ್ಲಿ ಆ ವಿಳಾಸ ಮೂರು ಸಾಲು ಹಿಡಿಯಿತು. ಫೋನ್ ನಂಬರಿಗೆ ಜಾಗ ಸಾಲದೆ ಹಿಂಬದಿಗೆ ಹೋಯಿತು. ನಾನು ನಕ್ಕು ನಕ್ಕು ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಬಿದ್ದೆ.

ದೀಪಾವಳಿ ಕಳೆಯಿತು, ಗಾಣ ಶುರುವಾಯಿತು. ಹೊಗೆ ಎದ್ದಿತು, ಪಾಕ ಕುದಿಯಿತು, ಹುಡುಗಿಯ ಕಪ್ಪು ಬೆಲ್ಲದ ಅಚ್ಚುಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತವು. ಒಬ್ಬರೂ ಕೇಳಲಿಲ್ಲ. ಫೋನು ಬಾಯಿ ಮುಚ್ಚಿಕೊಂಡು ಕೂತಿತ್ತು. ‘ಗೋಕಾಕ ಬೆಲ್ಲ’ ಎಂದು ನಾನೇ ಸರ್ಚ್ ಮಾಡಿದೆ. ಬೆರಳು ಸವೆಯುವಷ್ಟು ಕೆಳಗೆ ಎಳೆದೆ. ಯಾರ್ಯಾರದೋ ಬೆಲ್ಲ, ಕರದಂಟು, ಗೋಕಾಕದ ಜಲಪಾತ, ಅದರ ಮುಂದೆ ಸೆಲ್ಫಿ ತೆಗೆದ ಮಂದಿ, ಎಲ್ಲ ಬಂತು. ನಮ್ಮ ಹುಡುಗಿ ಇಲ್ಲ.

ಮೈದುನ ಇದನ್ನು ನೋಡಿ ಬೇರೆಯೇ ಲೆಕ್ಕ ಹಾಕಿದ. ಮಂದಿಗೆ ಕಪ್ಪು ಬೆಲ್ಲದ ಹುಚ್ಚು ಇಳಿಯಿತು ಅಂದ. “ಸಂಕ್ರಾಂತಿಮಟ ನೋಡತೇನಿ ಅವ್ವಾ. ಹ್ವಾದರ ಹ್ವಾತು. ಇಲ್ಲಾಂದ್ರ ನಿನ್ನ ಕಡಾಯಿಗೂ ಪುಡಿ ಬೀಳತೈತಿ, ಹಳದಿ ಬೆಲ್ಲ ಮಾಡಿ ಪೇಟಿಗೆ ಕಳಸತೇನಿ. ಮುಂದ ಈ ಆಟ ಬ್ಯಾಡ.”

ಅವಳು ಸೌಟು ಹಿಡಿದು ಪಾಕದ ಕೊಳೆ ತೆಗೆಯುತ್ತಲೇ ಇದ್ದಳು. ಅವಳ ಹುಬ್ಬು ನನ್ನ ಕಡೆ ಏರಲಿಲ್ಲ. ಆಗ ಮಾತ್ರ ನನ್ನ ನಗು ನಿಂತಿತು.

ಅವಳನ್ನು ಬದಿಗೆ ಕರೆದು ಕೇಳಿದೆ. “ಆ ಉದ್ದನ್ನ ವಿಳಾಸದ್ದ ತಪ್ಪೇನು?”

“ಉದ್ದಂದೂ ತಪ್ಪ, ಅಡ್ಡಂದೂ ತಪ್ಪ,” ಎಂದಳು. “ದೊಡ್ಡಕ್ಷರ ಒಂದ ಕಡೆ ಸಣ್ಣದಾದ್ರ ಪುಟಾನ ತೆರಿಯಂಗಿಲ್ಲ. ಕೆಳಗ ಗೀಟ ಎಳದ್ರ ಯಂತ್ರಕ್ಕ ಎಲ್ಲಾ ಒಂದ ಪದ ಕಂಡಂಗ ಕಾಣತೈತಿ, ನಡುವ ಸಣ್ಣ ಅಡ್ಡಗೆರಿ ಇದ್ರ ಪದ ಬಿಡಿಸಿ ಓದತೈತಿ. ಆದ್ರ ಮಾಮಾ, ಅದೆಲ್ಲಾ ಊಟದಾಗಿನ ಉಪ್ಪಿನಕಾಯಿ. ಖರೆ ಹೊಡತ ಬೇರೆ ಐತಿ.”

“ಏನದು?”

“ಹ್ವಾದ ವರ್ಷ ಪುಣೆದಾಗ ಅಡಗಿ ಬಗ್ಗೆ ಬರಿಯಾಕಿ ಒಬ್ಬಾಕಿ ನಮ್ಮ ಬೆಲ್ಲದ್ದ ಬರದು ಹಳೇ ವಿಳಾಸ ಹಾಕ್ಯಾಳ. ಧಾರವಾಡದವರು ಹಾಕ್ಯಾರ. ಹಂಗ ಅಲ್ಲಲ್ಲಿ ಮಂದಿ ನಮ್ಮ ಕಡೆ ಬಟ್ಟ ಮಾಡಿ ದಾರಿ ತೋರಿಸ್ಯಾರ. ಸರ್ಚಿನ ಯಂತ್ರ ಅಷ್ಟೂ ಬಟ್ಟ ನೋಡಿ, ಇದು ಮಾನದ ಮನಿ ಅಂತ ಮ್ಯಾಲ ಕುಂಡರಸಿತ್ತು. ಈಗ ಅವರೆಲ್ಲಾ ತೋರ್ಸೂದು ಹಳೇ ಮನಿ. ಅಲ್ಲಿ ಬಾಗಲಾ ಬಡದ್ರ, ಇಲ್ಲಿ ಅಂಥಾರ ಯಾರೂ ಇಲ್ಲ ಅಂತ ಉತ್ತರ. ಹೊಸ ಮನಿ ಯಂತ್ರಕ್ಕ ಗುರತ ಇಲ್ಲ.”

“ಮತ್ತ ಅಲ್ಲೊಂದ ಪಾಟಿ ಹಚ್ಚೂದಲ್ಲೇನು? ‘ಅಂಗಡಿ ಸ್ಥಳಾಂತರಗೊಂಡಿದೆ’ ಅಂತ? ನಾ ಅಂಥಾವು ಎಷ್ಟ ಬರದಿಲ್ಲ!”

ಹುಡುಗಿ ನಕ್ಕಳು, ಆ ಹಂಗಾಮಿನಲ್ಲಿ ಮೊದಲ ಸಲ. “ಅದ ಮಾಮಾ! ಅಂಥಾ ಪಾಟಿ ಇಲ್ಲೂ ಐತಿ. ಹಳೇ ವಿಳಾಸಕ್ಕ ಬಂದಾವನ್ನ ತಾನಾಗೆ ಹೊಸಾದಕ್ಕ ಕಳಸತೈತಿ. ಯಂತ್ರಾನೂ ನೋಡಿ, ಹೋ ಇವರ ಅವರ ಅಂತ ಮಾನಾನೂ ಅಲ್ಲಿಗೇ ಸಾಗಸತೈತಿ.”

ನಮ್ಮ ದೊಡ್ಡ ದೊಡ್ಡ ಎಂಜಿನಿಯರರು ಕಂಡುಹಿಡಿದದ್ದನ್ನು ನಾನು ಯಾವತ್ತೋ ಗೋಕಾಕದ ಗಲ್ಲಿಗಳಲ್ಲಿ ತಗಡಿನ ಮೇಲೆ ಬರೆದಾಗಿತ್ತು, ನೋಡಿರಿ! ಸಂಬಳ ಮಾತ್ರ ಅವರಿಗೆ. ಅಂದೇ ಎದೆ ಉಬ್ಬಿಸಿ ಊರೆಲ್ಲ ಹೇಳಿಕೊಂಡು ಬಂದೆ. ಯಾರಿಗೂ ಅರ್ಥವಾಗಲಿಲ್ಲ, ಆದರೂ ಇಬ್ಬರು ಚಹಾ ಕುಡಿಸಿದರು.

“ಮತ್ತ ಹಚ್ಚು ಆ ಪಾಟಿ, ಯಾಕ ತಡಾ?” ಎಂದೆ.

“ಅಪ್ಪಗ ಕೇಳ್ದೆ. ಹಳೇದಕ್ಕ ಪಾಟಿ ಹಚ್ಚಿದ್ರ ಗೋಕಾಕ ಅನ್ನೂದು ಇನ್ನೂ ಜೀವಂತ ಇಟ್ಟಂಗ ಆತು, ಹಚ್ಚಬ್ಯಾಡ ಅಂದ.”

“ಕದ್ದ ಹಚ್ಚು. ನಿಮ್ಮಪ್ಪಗೇನ ಗೊತ್ತಾಗತೈತಿ?”

“ಗೊತ್ತಾಗೂದಿಲ್ಲ. ಅದಕ್ಕ ಹಚ್ಚಂಗಿಲ್ಲ,” ಎಂದಳು.

ಹೇಳಿರಲಿಲ್ಲವೇ, ಒಂದು ಹುಬ್ಬಿನಲ್ಲಿ ಅಳೆಯುತ್ತಾಳೆ ಎಂದು. ನಾನಾಗಿದ್ದರೆ ಕದಿಯುತ್ತಿದ್ದೆ. ಹಾಗೆಂದು ನಾನು ಸುಮ್ಮನೆ ಕೂರುವ ಪೈಕಿಯೂ ಅಲ್ಲ. ಅಪ್ಪನ ಬಾಯಿಂದಲೇ ಪಾಟಿ ಹಚ್ಚು ಎನಿಸಬೇಕು, ಅದೂ ಬೈದು ಬೈದು ಹೇಳಬೇಕು. ಬಸ್ಸಿನಲ್ಲಿ ಗೋಕಾಕಕ್ಕೆ ಮರಳುವಾಗ ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದೆ. ಪಕ್ಕದಲ್ಲಿ ಕೂತವನು ಎದ್ದು ಬೇರೆ ಸೀಟಿಗೆ ಹೋದ.

ನನ್ನ ಮಗಳ ಮನೆ ಹುಕ್ಕೇರಿಯಲ್ಲಿ. ಬಾಡಿಗೆ ಮನೆಯಲ್ಲಿದ್ದವಳು ಆ ಸುಮಾರಿನಲ್ಲಿ ಊರ ಇನ್ನೊಂದು ತುದಿಗೆ ಸ್ವಂತ ಮನೆಗೆ ಹೋಗಿದ್ದಳು. ಗಂಡಹೆಂಡತಿ ಸದ್ದಿಲ್ಲದೆ ಹಾಲು ಉಕ್ಕಿಸಿದ್ದರು, ಸೋದರಮಾವನಿಗೆ ಹೇಳುವುದು ಬಾಕಿಯಿತ್ತು. ನನಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ? ಮೈದುನನಿಗೆ ಫೋನು ಮಾಡಿದೆ.

“ಆಯಿತವಾರ ಹುಕ್ಕೇರಿಗೆ ಬಾ. ಬ್ಯಾಳಿ ಹೋಳಿಗಿ, ಕಟ್ಟಿನ ಸಾರು. ನಾವೆಲ್ಲಾ ಮೊದಲ ಹೋಗಿರತೇವಿ. ನಿನ್ನ ಮಗಳನ್ನೂ ಶನಿವಾರ ಕರಕೊಂಡ ಹೋಗತೇವಿ.”

ಹೋಳಿಗೆ ಎಂದರೆ ಅವನು ತಾಲ್ಲೂಕು ಬೇಕಾದರೂ ಬಿಟ್ಟುಕೊಟ್ಟಾನು. ಬರುತ್ತೇನೆ ಅಂದ.

ಹಳೆಯ ಮನೆಯ ಎದುರಿಗೆ ಒಬ್ಬ ಚಾಚಾನ ಹೊಲಿಗೆಯಂಗಡಿ ಇದೆ. ಅಂಗಡಿಯ ಬೋರ್ಡು ನನ್ನದೇ ಕೈಯದು, ನಮ್ಮಿಬ್ಬರದು ತಲೆಮಾರಿನ ಗೆಳೆತನ. ತುಂಟತನದಲ್ಲಿ ನನಗಿಂತ ಒಂದು ನೂಲು ಕಡಿಮೆ, ಅಷ್ಟೇ. ಯೋಜನೆ ಕೇಳಿದ ಕೂಡಲೇ ಬಾಯಲ್ಲಿದ್ದ ದಾರ ನುಂಗಿದ. “ಅರೆ ಭಾಯಿ, ಪುಣ್ಯಾದ ಕೆಲಸ ಐತಿ ಇದು! ಬರ್ಲಿ ಅವ್ರು.” ಹಳೆಯ ಮನೆಗೆ ಬಂದಿದ್ದ ಹೊಸ ಬಾಡಿಗೆಯವಳಿಗೂ ಹೇಳಿಟ್ಟೆವು. ಫೋನು ಬಂದರೆ ಯಾರೂ ಎತ್ತಬಾರದು ಎಂದು ಮನೆಯಲ್ಲಿ ಗೊತ್ತುವಳಿಯಾಯಿತು. ಹುಡುಗಿಗೆ ಮಾತ್ರ ಏನೂ ಹೇಳಲಿಲ್ಲ. ಗೊತ್ತಾಗಿದ್ದರೆ ಓಡಿಹೋಗಿ ಅಪ್ಪನನ್ನು ಬಸ್‌ಸ್ಟ್ಯಾಂಡಿನಿಂದಲೇ ಕರೆತರುತ್ತಿದ್ದಳು. ಅವಳ ಮೊಬೈಲನ್ನು ನನ್ನ ಮೊಮ್ಮಗಳು ಆಟಕ್ಕೆಂದು ಹಿಡಿದು ಕೂತಿದ್ದಳು. ಕೂರಿಸಿದವರು ಯಾರೆಂದು ಕೇಳಬೇಡಿ.

ಚಾಚಾನ ಅಂಗಡಿಯಲ್ಲಿ ತೂಗುಹಾಕಿದ ಅಂಗಿಗಳ ಹಿಂದೆ ನಾನು ಅಡಗಿ ನಿಂತೆ. ಬಂದನಪ್ಪಾ ತಾಲ್ಲೂಕಿನ ಧಣಿ! ಬಿಳಿ ಧೋತರ, ತಲೆಗೆ ಹೊಸ ಪಟಗಾ, ಹೆಗಲ ಮೇಲೆ ಅಕ್ಕನ ಮಗಳಿಗೆಂದು ಪೇಟೆಗೆ ಹಾಕುವಂಥ ಬೆಲ್ಲದ ಭಾರೀ ಗಟ್ಟಿ, ಒಂದು ಇಡೀ ಪೆಂಟಿ. ಕದ ಬಡಿದ. ಬಾಡಿಗೆಯವಳು ಅರ್ಧ ಮುಖ ತೋರಿಸಿ, “ಅಂಥಾರ ಯಾರೂ ಇಲ್ರಿ ಇಲ್ಲಿ” ಎಂದು ಕದ ಹಾಕಿಕೊಂಡಳು.

“ಅಯ್ಯ! ನಮ್ಮ ಅಕ್ಕನ ಮಗಳ ಮನಿ ಇದು!” ಎಂದು ಅವನು ಕದಕ್ಕೇ ಹೇಳಿದ. ಕದ ಉತ್ತರ ಕೊಡಲಿಲ್ಲ.

ಫೋನು ಹಚ್ಚಿದ. ಅಂಗಿಗಳ ಹಿಂದೆ ನನ್ನ ಜೇಬು ಗಡಗಡ ನಡುಗಿತು, ನಾನು ತೊಡೆ ಒತ್ತಿ ಹಿಡಿದೆ. ಓಣಿಯಲ್ಲಿ ಬಂದವರನ್ನೆಲ್ಲ ಕೇಳಿದ. ಒಬ್ಬ ಮಠದ ಕಡೆ ಹೋಗ್ರಿ ಅಂದ, ಇನ್ನೊಬ್ಬ ಸಂತೆಮಾಳದ ಕಡೆ ಅಂದ. ಈ ಇಬ್ಬರಿಗೆ ನಾವು ಹೇಳಿಕೊಟ್ಟಿರಲಿಲ್ಲ, ಅವರು ತಾವಾಗಿಯೇ ಉಪಕಾರ ಮಾಡಿದರು. ನಮ್ಮ ಕಡೆ ದಾರಿ ಗೊತ್ತಿಲ್ಲ ಎಂದು ಹೇಳುವುದು ಅವಮಾನ, ಗೊತ್ತಿಲ್ಲದಿದ್ದರೂ ಒಂದು ದಿಕ್ಕಿಗೆ ಕೈ ತೋರಿಸಲೇಬೇಕು. ಪೆಂಟಿ ಹೊತ್ತು ಹೋದ, ಪೆಂಟಿ ಹೊತ್ತು ಬಂದ. ಬೆವರಿಗೆ ಬೆಲ್ಲ ಕರಗಿ ಹೆಗಲು ಅಂಟಿತು, ನೊಣಗಳು ಮೆರವಣಿಗೆ ಹೊರಟವು. ಕೊನೆಗೆ ಚಾಚಾನ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತ.

“ಚಾಚಾ, ಈ ಮನ್ಯಾಗ ಇದ್ದವರು ಎಲ್ಲಿ ಹ್ವಾದ್ರು?”

“ಹ್ವಾದ್ರು ಸಾಹೇಬ್ರ. ಬೇರೆ ಕಡೆ ಮನಿ ಮಾಡ್ಯಾರ.”

“ಎಲ್ಲಿ?”

ಚಾಚಾ ಸೂಜಿಗೆ ದಾರ ಪೋಣಿಸುತ್ತ, ಪೋಣಿಸುತ್ತ, ಇನ್ನೂ ಪೋಣಿಸುತ್ತ ಹೇಳಿದ: “ನಂಗೇನ್ ಗೊತ್ತು? ಹೇಳಿ ಹೋಗಿಲ್ಲ. ಅವ್ರು ಭಾಳ ಅಭಿಮಾನದ ಮಂದಿ. ಹೊಸ ಮನಿಗೆ ಹ್ವಾದ ಮ್ಯಾಲ ಹಳೇ ಮನಿ ಹೆಸರ ಎತ್ತಬಾರ್ದು ಅಂದ್ರು.”

“ಅಭಿಮಾನ ಅಂತ, ಅಭಿಮಾನ! ಬರಾವ ಹೆಂಗ ಬರಬೇಕು? ಬಾಗಲಕ್ಕೊಂದ ಪಾಟಿ ಹಚ್ಚಿದ್ರ ಇವರಪ್ಪನ ಗಂಟ ಏನ ಹೋಗತಿತ್ತು?”

ಆ ಅಪ್ಪ ನಾನೇ ತಾನೇ! ಅಂಗಿಗಳನ್ನು ಸರಿಸಿ, ಯಾರದೋ ಅರ್ಧ ಹೊಲಿದ ತೋಳು ಕುತ್ತಿಗೆಗೆ ಸುತ್ತಿಕೊಂಡು ಹೊರಗೆ ಹಾರಿದೆ.

“ಇನ್ನೊಮ್ಮಿ ಹೇಳಪಾ, ಇನ್ನೊಮ್ಮಿ!”

ಮೈದುನ ಕಟ್ಟೆಯಿಂದ ಎದ್ದ, ಮತ್ತೆ ಕೂತ. ಚಾಚಾ ನಗು ತಡೆಯಲಾರದೆ ಮಿಷನ್ನಿನ ಮೇಲೆ ತಲೆಯಿಟ್ಟ. ಅದರ ಪೆಡಲು ತಾನೇ ತಿರುಗಿ ಒಬ್ಬ ಗಿರಾಕಿಯ ಪಾಯಜಾಮದ ಎರಡು ಕಾಲೂ ಸೇರಿ ಹೊಲಿದುಹೋಯಿತು.

“ನೀವು ಮನಷ್ಯಾರೇನ್ರಿ ದಾಜಿ?”

“ನಾ ಗೋಕಾಕದವ. ಈಗ ಹೇಳು. ಪುಣೆದಿಂದ ನಿನ್ನ ಮಗಳ ಬೆಲ್ಲಕ್ಕ ಬಂದವರೂ ಹಿಂಗ ಪೆಂಟಿ ಹೊತ್ತ ತಿರಗಾಕತ್ತಾರ. ನೀ ಕದಾ ಹಾಕ್ಕೊಂಡ ಒಳಗ ಕುಂತಿ. ಆಕಿ ಪಾಟಿ ಹಚ್ಚಲಿ ಏನ ಬ್ಯಾಡಾ?”

ಅವನು ಪೆಂಟಿಯ ಕಡೆ ನೋಡಿದ. ನೊಣಗಳ ಕಡೆ ನೋಡಿದ. ಹೊಸ ಮನೆಯವರೆಗೂ ನನ್ನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆದ. ಪೆಂಟಿಯನ್ನು ನನ್ನ ಹೆಗಲಿಗೆ ಹೊರಿಸಿದ್ದ, ಅದು ನ್ಯಾಯವೇ.

ಮನೆಯಲ್ಲಿ ನನ್ನ ಹೆಂಡತಿ ತಮ್ಮನ ಅಂಟು ಹೆಗಲು ನೋಡಿ ನನಗೆ ಮಾಡಿದ ಪೂಜೆಯನ್ನು ಬರೆಯುವುದಿಲ್ಲ. ಹುಡುಗಿ ಓಡಿಬಂದು ಅಪ್ಪನ ಕೈಗೆ ನೀರಿನ ತಂಬಿಗೆ ಕೊಟ್ಟಳು, ನನ್ನ ಕಡೆ ತಿರುಗಿ, “ಮಾಮಾ, ಇದು ನಾ ಹೇಳಿದ್ನೇನು?” ಎಂದು ಕಣ್ಣು ಕೆಂಪು ಮಾಡಿದಳು. ಮೈದುನ ಮೂರನೆಯ ಹೋಳಿಗೆಗೆ ತುಪ್ಪ ಸುರಿಸಿಕೊಳ್ಳುತ್ತ ತಟ್ಟೆಗೆ ಹೇಳುವವನಂತೆ ಹೇಳಿದ:

“ಹಚ್ಚವ್ವಾ ಆ ಪಾಟಿ.”

“ಅಪ್ಪಾ, ಮಾಮಾ ಕಾಡಿದ್ರಂತ ಹೇಳಬ್ಯಾಡ.”

“ಅವರ ಮುಖಾ ನೋಡಿ ಯಾರ ಹೇಳ್ಯಾರ? ಬಿಸಲಾಗ ನಿಂತ ಬಾಗಲಾ ಬಡದಾವ ನಾನು. ಅದರ ಉರಿ ನನಗ ಗೊತ್ತೈತಿ. ಹಚ್ಚು.”

ಊಟದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಕೆಲಸ ಮುಗಿಯಿತು. ಆದರೆ ಅವಳು ಆ ಉದ್ದನೆಯ ದೇವರಗಾಡಿಯನ್ನೂ ಇಳಿಸಿದಳು. ಅಂಗಡಿಯ ಹೆಸರು, ಅದರ ಮುಂದೆ ಬೆಲ್ಲ, ಅಷ್ಟೇ. ತಾಲ್ಲೂಕೂ ಇಲ್ಲ, ಜಿಲ್ಲೆಯೂ ಇಲ್ಲ. “ನಾಳೆ ಮತ್ತ ತಾಲೂಕಾ ಬದಲಾದ್ರೂ ವಿಳಾಸ ಬದಲಾಗಬಾರದಪಾ” ಎಂದಳು. ಹಳೆಯ ಗೋಕಾಕದ ವಿಳಾಸಕ್ಕೂ ಪಾಟಿ, ದಸರೆಯ ಉದ್ದನೆಯ ವಿಳಾಸಕ್ಕೂ ಪಾಟಿ, ಎರಡೂ ನೆಟ್ಟಗೆ ಇಲ್ಲಿಗೇ ಕೈ ತೋರಿಸುವಂತೆ.

“ಶ್ರೀ ತಗದಿ ಅಲ್ಲವ್ವಾ, ದೇವರು?”

“ದೇವರನ್ನ ಓಣ್ಯಾಗ ಯಾಕ ನಿಲ್ಲಸ್ತಿ? ಪುಟದ ಒಳಗ, ಮ್ಯಾಲ ಕುಂಡರಸೇನಿ ನೋಡು,” ಎಂದು ತೋರಿಸಿದಳು. ಕುಲದೇವರ ಫೋಟೋ, ಅದರ ಕೆಳಗೆ ‘ಗೋಕಾಕದ ಸಮೀಪ, ಮೂಡಲಗಿ ತಾಲ್ಲೂಕು’. ಅವನು ಸಮೀಪ ಎಂಬ ಪದದ ಮೇಲೆ ಬಹಳ ಹೊತ್ತು ಬೆರಳಿಟ್ಟಿದ್ದ. ನಾನು ಏನೋ ಹೇಳಲು ಬಾಯಿ ತೆರೆದೆ, ಹೆಂಡತಿ ಅದಕ್ಕೆ ಒಂದು ಇಡೀ ಹೋಳಿಗೆ ತುರುಕಿದಳು.

ಪಾಟಿ ಹಚ್ಚಿದ ಕೂಡಲೇ ಮಂದಿ ಬಂದರು ಎಂದು ಬರೆದರೆ ನಾನು ಸುಳ್ಳುಗಾರ. ಬರಲಿಲ್ಲ. ಯಂತ್ರಕ್ಕೂ ತನ್ನ ಸಾವಕಾಶ ಇರುತ್ತದಂತೆ, ಊರೂರು ತಿರುಗಿ ಪಾಟಿ ಓದಿಕೊಂಡು ಬರಬೇಕಂತೆ. ಎಳ್ಳಮಾವಾಸ್ಯೆ ಬಂತು, ಹೋಯಿತು. ಗೋಡೆಯುದ್ದದ ಅಚ್ಚುಗಳು ಹಾಗೇ ಇದ್ದವು. ಮೈದುನ ಈಗ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ಮಗಳ ಮೊಬೈಲು ಕೇಳಿ ತಾನೇ ಹುಡುಕುತ್ತಿದ್ದ. ಬೆರಳಿಗೆ ಅಭ್ಯಾಸವಿಲ್ಲ, ಒಂದು ಒತ್ತಿದರೆ ಇನ್ನೊಂದು ತೆರೆಯುತ್ತಿತ್ತು. ಒಮ್ಮೆ ಬೆಲ್ಲ ಹುಡುಕಲು ಹೋಗಿ ಯಾವುದೋ ದೇಶದ ಒಂಟೆ ಓಟ ನೋಡುತ್ತ ಕೂತಿದ್ದನಂತೆ. ನನಗೆ ಫೋನು ಮಾಡಿ ಬೈಯುವುದೂ ನಡೆದಿತ್ತು.

“ದಾಜಿ, ನಿಮ್ಮ ಪಾಟಿ ಏನ ಕೆಲಸ ಮಾಡವಲ್ದು!”

“ನನ್ನ ಪಾಟಿ ಅಂತ ಒಪ್ಪಿದೆಲ್ಲ, ಸಾಕು. ತಡಿ, ಬರತೈತಿ.”

ಒಳಗೊಳಗೆ ನಾನೂ ದಿನಕ್ಕೆರಡು ಸಲ ಕದ್ದು ಹುಡುಕುತ್ತಿದ್ದೆ. ಹುಡುಗಿ ಮಾತ್ರ ಪ್ರತಿದಿನ ಬೆಂಡೆಗಿಡ ಜಜ್ಜುತ್ತಿದ್ದಳು, ಲೋಳೆ ಸುರಿಯುತ್ತಿದ್ದಳು, ಸಾಲಿಗೆ ಇನ್ನೊಂದು ಅಚ್ಚು ಸೇರಿಸುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ ಅವನ ಫೋನು ಬಂತು. ಬೈಗುಳ ಇರಲಿಲ್ಲ. “ನಮ್ಮದು ಕಾಣಾಕತ್ತೈತಿ,” ಎಂದ, ಹುಲಿ ಕಂಡವನಂತೆ ಸಣ್ಣ ದನಿಯಲ್ಲಿ. “ಕೆಳಗ ಐತಿ. ಆದ್ರ ಐತಿ.” ಮಾರನೆಯ ದಿನ ಇನ್ನಷ್ಟು ಮೇಲೆ ಬಂದಿತ್ತು. ಕಬ್ಬಿನ ಲಾರಿ ದಿಬ್ಬ ಏರಿದಂತೆ ದಿನಾ ಒಂದಿಷ್ಟು.

ಸಂಕ್ರಾಂತಿಯ ಹಿಂದಿನ ದಿನ ನಾನು, ಹೆಂಡತಿ ಅವರಲ್ಲಿಗೆ ಹೋದೆವು. ಗೋಡೆಯ ಸಾಲು ಇನ್ನೂ ಖಾಲಿಯಾಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಆರ್ಡರು ಬಂದಿತ್ತಂತೆ, ಅದೂ ಹಳೆಯ ಗಿರಾಕಿಗಳದು. ಒಲೆಯ ಪಕ್ಕ ಬಿಳಿ ಪುಡಿಯ ಚೀಲ ಬಂದು ಕೂತಿತ್ತು. ಮಾತು ಎಂದರೆ ಮಾತು, ಮೈದುನ ಅದರಲ್ಲಿ ಕಲ್ಲು. ಆಳು ಚೀಲದ ಬಾಯಿ ಬಿಚ್ಚಲೇ ಎಂಬಂತೆ ನೋಡುತ್ತಿದ್ದ. ಹುಡುಗಿ ಮೊಣಕೈವರೆಗೂ ಪಾಕ ಮೆತ್ತಿಕೊಂಡು ಅಚ್ಚು ತುಂಬುತ್ತಿದ್ದಳು. ಫೋನು ರಿಂಗಾಯಿತು. ಅವಳ ಎರಡೂ ಕೈ ಅಂಟು.

“ಅಪ್ಪಾ, ಎತ್ತು.”

ಮೈದುನ ಎತ್ತಿ, ಎಲ್ಲರಿಗೂ ಕೇಳಲೆಂದು ದನಿ ಜೋರು ಮಾಡಿದ. ಮೈಸೂರು ಕಡೆಯ ಹೆಣ್ಣುಮಗಳ ದನಿ.

“ನಮಸ್ಕಾರ. ಗೋಕಾಕ್ ಬೆಲ್ಲ ಅಂತ ಹುಡುಕಿದ್ವಿ. ಕಪ್ಪು ಬೆಲ್ಲ. ನಿಮ್ದೇನಾ ಸಾರ್?”

ಗೋಕಾಕ ಎಂದು ಕಿವಿಯಲ್ಲಿ ಬಿದ್ದದ್ದೇ ಅವನ ಮೀಸೆ ಒಮ್ಮೆ ಮೇಲೆ ಎದ್ದಿತು. ಮಗಳು ತಿರುಗಿ ನೋಡಲಿಲ್ಲ, ಅಚ್ಚಿನ ಅಂಚು ಸವರುತ್ತಲೇ ಇದ್ದಳು. ನನ್ನ ನಾಲಿಗೆ ಚಡಪಡಿಸಿತು, ಹಲ್ಲಿನಲ್ಲಿ ಹಿಡಿದುಕೊಂಡೆ.

“ಹೂನ್ರಿ,” ಎಂದ ಮೈದುನ. “ನಮ್ಮದ. ಗೋಕಾಕ ಬೆಲ್ಲ.”

“ಜಾಸ್ತಿ ಬೇಕಿತ್ತು. ನಮ್ಮ ಅಪಾರ್ಟ್‌ಮೆಂಟಿನವರು ಎಲ್ಲ ಸೇರಿ ತರಿಸ್ತಿದ್ದೀವಿ. ನಮ್ಮೆಜಮಾನ್ರು ಬೆಳಗಾವಿಗೆ ಬಂದಿದಾರೆ, ಅವರೇ ಕಾರಲ್ಲಿ ಬಂದು ತಗೊಂಡು ಹೋಗ್ತಾರಂತೆ. ಗೋಕಾಕ್‌ನಲ್ಲಿ ಎಲ್ಲಿ ಸಾರ್?”

ಅವನು ಕೈಯೆತ್ತಿ, ಫೋನಿನಲ್ಲಿದ್ದವಳಿಗೆ ಕಾಣುತ್ತದೆಯೋ ಎಂಬಂತೆ ಗಾಳಿಯಲ್ಲಿ ದಿಕ್ಕು ತೋರಿಸಿದ.

“ಗೋಕಾಕಕ್ಕ ಬರಾಕ ಹೇಳ್ರಿ ತಂಗೀ. ಅಲ್ಲಿ ಯಾರಿಗೆ ಬೇಕಾದ್ರೂ ಮೂಡಲಗಿ ರಸ್ತಾ ಕೇಳ್ರಿ ಅನ್ರಿ. ಮೂಡಲಗಿಗೆ ಬಂದ ನಿಂತು ನನಗ ಫೋನ್ ಹಚ್ಚಲಿ. ತಿರಗಸಾಡೂದು ಬ್ಯಾಡ, ನಾನ ಬಂದ ಕರಕೊಂಡ ಬರತೇನಿ.”

ಫೋನು ಇಟ್ಟ. ನನ್ನ ಕಡೆ ನೋಡಲೇ ಇಲ್ಲ, ನೋಡಿದರೆ ನಾನು ಏನು ಹೇಳುತ್ತೇನೆಂದು ಅವನಿಗೆ ಗೊತ್ತು. ಆಳಿನ ಕಡೆ ತಿರುಗಿ ಗದರಿದ:

“ಏನ ನೋಡತಿ? ಆ ಪುಡಿ ಚೀಲ ಹೊರಗ ಒಯ್ದ ಒಗಿ. ಬೆಂಡಿಗಿಡ ಸಾಕಾಗೂದಿಲ್ಲ, ಹೊಲಕ್ಕ ಹೋಗಿ ಇನ್ನೊಂದ ಹೊರಿ ಕಡಕೊಂಡ ಬಾ.”